ಕಡಲ ದಿಬ್ಬದ ಗಿಡಗಳನ್ನು ಅಳೆಯೋದು ಹೇಗೆ? ಚೌಕ, ಟೇಪು, ಡ್ರೋನು, ಸೂಚ್ಯಂಕ: ಯಾವುದು ಯಾವ ಕೆಲಸಕ್ಕೆ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮರಳು ದಿಬ್ಬ ಹಾಳಾಗುತ್ತಾ ಹೋದ ಹಾಗೆ ಅಲ್ಲಿನ ಸಸ್ಯವೈವಿಧ್ಯದ ಅಂಕಿ ಎಷ್ಟೋ ಸಲ ಏರುತ್ತದೆ. ಇಳಿಯುವುದಿಲ್ಲ, ಏರುತ್ತದೆ. ಕಡಲಿಗೆ ಮುಖ ಮಾಡಿದ ಒಳ್ಳೆಯ ದಿಬ್ಬದಲ್ಲಿ ಇರುವುದೇ ನಾಲ್ಕೈದು ಜಾತಿಯ ಗಿಡ. ಉಪ್ಪು ಗಾಳಿ, ಜಾರುವ ಮರಳು, ಬಿದ್ದ ಕೂಡಲೇ ಇಂಗಿ ಹೋಗುವ ನೀರು, ಸುಡುವ ಬಿಸಿ. ಇದನ್ನೆಲ್ಲ ತಡೆದುಕೊಳ್ಳುವ ಗಿಡಗಳು ಕಡಿಮೆ. ಅಲ್ಲಿಗೆ ಯಾರೋ ರಸ್ತೆ ಮಾಡೋಕೆ ಎರಡು ಲೋಡ್ ಕೆಂಪು ಮಣ್ಣು ಸುರಿದರು ಅಂತಿಟ್ಟುಕೊಳ್ಳಿ. ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಲಂಟಾನ, ಟ್ರೈಡಾಕ್ಸ್, ಮುಟ್ಟಿದರೆ ಮುನಿ, ಕಮ್ಯುನಿಸ್ಟ್ ಗಿಡ ಎಲ್ಲ ಹಾಜರು. ಜಾತಿಗಳ ಲೆಕ್ಕ ಎರಡು ಪಟ್ಟಾಗುತ್ತದೆ. ವರದಿಯಲ್ಲಿ ‘ವೈವಿಧ್ಯ ಹೆಚ್ಚಾಗಿದೆ’ ಅಂತ ಬರುತ್ತದೆ. ದಿಬ್ಬ ಮಾತ್ರ ಮುಗಿದಿರುತ್ತದೆ.

ಹಾಗಾಗಿ ಯಾವ ವಿಧಾನ ಒಳ್ಳೆಯದು ಅಂತ ಕೇಳುವುದಕ್ಕಿಂತ, ಯಾವ ವಿಧಾನ ನಮ್ಮನ್ನು ಎಲ್ಲಿ ಮೋಸ ಮಾಡುತ್ತದೆ ಅಂತ ತಿಳಿದು ಆರಿಸಿಕೊಳ್ಳಬೇಕು. ಕಾಲೇಜಿನ ಪ್ರಾಜೆಕ್ಟ್ ಮಾಡುವವರು, ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯವರು, ದಿಬ್ಬಕ್ಕೆ ಮತ್ತೆ ಗಿಡ ಹಚ್ಚಲು ಹೊರಟ ಊರಿನ ಸಂಘದವರು, ಈ ಮೂರೂ ಜನರನ್ನು ಮನಸ್ಸಲ್ಲಿಟ್ಟು ಬರೆಯುತ್ತಿದ್ದೇನೆ. ಉದಾಹರಣೆಗಳೆಲ್ಲ ನಮ್ಮದೇ ಕರಾವಳಿಯವು. ತೆಂಕಲಲ್ಲಿ ಸೋಮೇಶ್ವರದಿಂದ ಬಡಗಲಲ್ಲಿ ಕಾರವಾರದ ದೇವಬಾಗದ ತನಕ, ಸುಮಾರು 320 ಕಿ.ಮೀ.

ಅಳೆಯುವ ಮುಂಚೆ ಒಂದು ಸಲ ನಡೆಯಿರಿ

ನೀರಿನ ಕಡೆಯಿಂದ ಊರಿನ ಕಡೆಗೆ ನೇರ ನಡೆದು ನೋಡಿ. ಉಬ್ಬರದ ಗೆರೆ ದಾಟಿದ ಮೇಲೆ ಸ್ವಲ್ಪ ದೂರ ಬರಿ ಮರಳು. ಆಮೇಲೆ ಅಡಂಬು ಬಳ್ಳಿ, ಅಂದರೆ ಐಪೋಮಿಯ ಪೆಸ್-ಕಾಪ್ರೆ. ದಪ್ಪ ಎಲೆ, ತುದಿ ಸೀಳಿ ಎರಡಾಗಿರುತ್ತದೆ, ನೇರಳೆ ಛಾಯೆಯ ಗುಲಾಬಿ ಹೂ. ಅದರ ಜೊತೆಗೋ ಸ್ವಲ್ಪ ಹಿಂದೆಯೋ ರಾವಣನ ಮೀಸೆ, ಶಾಸ್ತ್ರದ ಹೆಸರು ಸ್ಪಿನಿಫೆಕ್ಸ್ ಲಿಟ್ಟೋರಿಯಸ್. ಚಡ್ಡಿ ಹಾಕಿಕೊಂಡು ಹೋದವರಿಗೆ ಇದರ ಪರಿಚಯ ಮಾಡಿಸಬೇಕಾಗಿಲ್ಲ, ಎಲೆಯ ತುದಿ ಸೂಜಿ. ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೆಣ್ಣು ಗಿಡದ ದುಂಡನೆಯ ಮುಳ್ಳು ತೆನೆ ಬಲಿತ ಮೇಲೆ ಕಳಚಿ ಗಾಳಿಗೆ ಮರಳ ಮೇಲೆ ಉರುಳಿಕೊಂಡು ಹೋಗುತ್ತದೆ. ಇವೆರಡೂ ಸೇರಿ ಮರಳನ್ನು ಹಿಡಿಯುತ್ತವೆ. ದಿಬ್ಬ ಕಟ್ಟುವುದೇ ಇವು.

ಇನ್ನಷ್ಟು ಹಿಂದೆ ಹೋದರೆ ಸೈಪರಸ್ ಅರೆನೇರಿಯಸ್ ಎಂಬ ಸಣ್ಣ ಜೇಕು, ಲೌನಿಯಾ ಸಾರ್ಮೆಂಟೋಸಾ, ಹೈಡ್ರೋಫೈಲ್ಯಾಕ್ಸ್, ಕಾಡು ಅವರೆಯ ಜಾತಿಯ ಕ್ಯಾನವೇಲಿಯಾ ಸಿಗುತ್ತವೆ. ದಿಬ್ಬದ ಬೆನ್ನು ಇಳಿದ ಮೇಲೆ ಕೇದಗೆ, ಲಕ್ಕಿ, ಎಕ್ಕ, ಸುರಹೊನ್ನೆ. ಅಲ್ಲಿಂದ ಮುಂದೆ ತೆಂಗಿನ ತೋಟ, ಮನೆ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಕೆ. ಆರ್. ಶ್ರೀಧರ್ ಮತ್ತು ಅವರ ಸಂಗಡಿಗರು 1990ರ ದಶಕದಿಂದಲೇ ಈ ದಿಬ್ಬಗಳ ಗಿಡಗಳು, ಕ್ಯಾನವೇಲಿಯಾ ಬೀಜಗಳು, ಬೇರಿನ ಜೊತೆ ಬದುಕುವ ಶಿಲೀಂಧ್ರಗಳ ಮೇಲೆ ಕೆಲಸ ಮಾಡಿದ್ದಾರೆ. ನಮ್ಮ ಕರಾವಳಿಯ ದಿಬ್ಬಗಳ ಬಗ್ಗೆ ಓದಲು ಹೊರಟವರಿಗೆ ಅದೇ ಒಳ್ಳೆಯ ಆರಂಭ.

ಹೀಗೆ ಕೆಲವೇ ಮೀಟರ್‌ಗಳಲ್ಲಿ ಗಿಡಗಳು ಬದಲಾಗುತ್ತಾ ಹೋಗುತ್ತವೆ ಅನ್ನುವುದು ದಿಬ್ಬದ ದೊಡ್ಡ ಗುಣ. ಅಳತೆ ಯಾವಾಗಲೂ ಕಡಲಿಗೆ ಅಡ್ಡಲಾಗಿ ಇರಬೇಕು, ತೀರದ ಉದ್ದಕ್ಕೆ ಅಲ್ಲ. ಎಲ್ಲೆಂದರಲ್ಲಿ ಚೌಕ (ಅಳತೆಯ ಚೌಕಟ್ಟು) ಎಸೆದು ಸರಾಸರಿ ತೆಗೆದರೆ ಮುಂದಿನ ದಿಬ್ಬವೂ ಹಿಂದಿನ ದಿಬ್ಬವೂ ಕಲಸಿಹೋಗುತ್ತದೆ. ನಮ್ಮಲ್ಲಿ ಇನ್ನೊಂದು ಸಮಸ್ಯೆ ಉಂಟು. ದಿಬ್ಬಗಳ ಅಗಲವೇ ಕಡಿಮೆ. ಮರವಂತೆಯಲ್ಲಿ ಹೆದ್ದಾರಿಯೇ ಕಡಲ ಪಕ್ಕ ಓಡುತ್ತದೆ. ಉಳ್ಳಾಲದ ಕಡೆ ಕೊರೆತ ತಡೆಯಲು ಹಾಕಿದ ಕಲ್ಲು. ಹಿಂದಿನ ಭಾಗ ಪೂರ್ತಿ ಕಾಣೆಯಾದ ಜಾಗಗಳು ಎಷ್ಟೋ ಇವೆ. ಯಾವ ಭಾಗ ಇಲ್ಲ ಅನ್ನುವುದನ್ನೂ ಬರೆದಿಡಬೇಕು, ಅದೂ ಒಂದು ಅಳತೆಯೇ.

ಎಷ್ಟು ಗಿಡ ಅಂತ ಎಣಿಸೋದೋ, ಎಷ್ಟು ಹರಡಿದೆ ಅಂತ ನೋಡೋದೋ?

ಇದರಲ್ಲಿ ನನಗೆ ಅನುಮಾನವೇ ಇಲ್ಲ. ಎಣಿಸಬೇಡಿ.

ಅಡಂಬು ಬಳ್ಳಿಯ ಒಂದು ಎಳೆ ಹಿಡಿದು ನಿಧಾನ ಎತ್ತಿ ನೋಡಿ. ಗೆಣ್ಣು ಗೆಣ್ಣಿಗೂ ಬೇರು ಬಿಟ್ಟಿರುತ್ತದೆ. ನಡುವೆ ಮರಳು ಮುಚ್ಚಿ ಬಳ್ಳಿ ಕಾಣಿಸದೇ ಹೋದರೆ ಮೇಲೆ ನಿಂತವರಿಗೆ ಅದು ಐದಾರು ಗಿಡ. ಕೆಳಗೆ ನೋಡಿದರೆ ಒಂದೇ. ಸೈಪರಸ್ ಅರೆನೇರಿಯಸ್ ಇನ್ನೂ ಮಜಾ. ನೆಲದೊಳಗಿನ ಕಾಂಡ ನೆಟ್ಟಗೆ ಓಡುತ್ತಾ ಮೇಲಕ್ಕೆ ಕುಡಿ ಬಿಡುತ್ತದೆ. ಮರಳ ಮೇಲೆ ಯಾರೋ ದಾರ ಹಿಡಿದು ನೆಟ್ಟಂತೆ ಸಾಲು ಸಾಲು. ಲೌನಿಯಾ ಕೂಡ ಹಾಗೆಯೇ ಓಡುಬಳ್ಳಿ. ಇಲ್ಲಿ ‘ಒಂದು ಚದರ ಮೀಟರಿಗೆ ಇಷ್ಟು ಗಿಡ’ ಅನ್ನುವ ಅಂಕಿಗೆ ಅರ್ಥವಿಲ್ಲ. ಇಬ್ಬರು ಎಣಿಸಿದರೆ ಎರಡು ಲೆಕ್ಕ ಬರುತ್ತದೆ.

ನಮ್ಮ ಕಾಲೇಜುಗಳಲ್ಲಿ ಐವಿಐ (ಇಂಪಾರ್ಟೆನ್ಸ್ ವ್ಯಾಲ್ಯೂ ಇಂಡೆಕ್ಸ್) ಲೆಕ್ಕ ಹಾಕಿಸುವ ರೂಢಿ ಗಟ್ಟಿಯಾಗಿ ಕೂತಿದೆ. ಸಾಪೇಕ್ಷ ಸಾಂದ್ರತೆ (ಗಿಡಗಳ ಎಣಿಕೆಯ ಪಾಲು), ಸಾಪೇಕ್ಷ ಆವರ್ತನ (ಎಷ್ಟು ಚೌಕದಲ್ಲಿ ಸಿಕ್ಕಿತು ಅನ್ನುವುದರ ಪಾಲು), ಸಾಪೇಕ್ಷ ಪ್ರಾಬಲ್ಯ (ಬುಡದ ಗಾತ್ರದ ಪಾಲು) ಮೂರನ್ನೂ ಕೂಡಿಸಿ 300ಕ್ಕೆ ಅಂಕ ಕೊಡುವ ಪದ್ಧತಿ. ಕರ್ಟಿಸ್ ಮತ್ತು ಮ್ಯಾಕಿಂಟಾಶ್ 1951ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಕಾಡುಗಳಿಗಾಗಿ ಬಳಸಿದ್ದು. ಮರಕ್ಕೆ ಸರಿ, ಒಂದು ಬುಡ ಒಂದು ಮರ. ಓಡುಬಳ್ಳಿಗೆ ಹೇಗೆ ಸರಿಯಾದೀತು? ಮೂರರಲ್ಲಿ ಒಂದು ಭಾಗ ಊಹೆ ಅಂದಮೇಲೆ ಕೂಡಿಸಿದ್ದೂ ಊಹೆಯೇ. ದಿಬ್ಬದ ಹಿಂಭಾಗದ ಸುರಹೊನ್ನೆ, ಸರ್ವೆ (ಕ್ಯಾಸುರಿನಾ) ಮರಗಳಿಗೆ ಬೇಕಾದರೆ ಹಾಕಿ. ಮುಂಭಾಗಕ್ಕೆ ಬೇಡ.

ಬದಲಿಗೆ ಹರವು ಅಳೆಯಿರಿ. ಮೇಲಿಂದ ನೋಡಿದಾಗ ನೆಲದ ಶೇಕಡಾ ಎಷ್ಟನ್ನು ಆ ಗಿಡ ಮುಚ್ಚಿದೆ ಅನ್ನುವ ಲೆಕ್ಕ. ಒಂದರ ಮೇಲೊಂದು ಹಬ್ಬಿದ್ದರೆ ಒಟ್ಟು ನೂರು ದಾಟಬಹುದು, ಪರವಾಗಿಲ್ಲ. ಬರಿ ಮರಳಿನ ಪಾಲನ್ನೂ ತಪ್ಪದೇ ಬರೆದುಕೊಳ್ಳಿ.

ಆವರ್ತನ ಅನ್ನುವುದು ಮೂರನೇ ದಾರಿ: 20 ಚೌಕದಲ್ಲಿ ಎಷ್ಟರಲ್ಲಿ ಈ ಗಿಡ ಸಿಕ್ಕಿತು ಅಂತ ಅಷ್ಟೇ. ಇದೆಯೋ ಇಲ್ಲವೋ ಅಂತ ಟಿಕ್ ಹಾಕಿದರೆ ಮುಗಿಯಿತು. ಹೊಸಬರಿಗೆ ಒಳ್ಳೆಯದು, ತಕರಾರು ಕಡಿಮೆ. ಆದರೆ ಚೌಕದ ಅಳತೆ ಬದಲಾದರೆ ಉತ್ತರವೂ ಬದಲಾಗುತ್ತದೆ, ದೊಡ್ಡ ಚೌಕದಲ್ಲಿ ಎಲ್ಲ ಗಿಡವೂ ಜಾಸ್ತಿ ಸಿಗುತ್ತದೆ. ಈ ವರ್ಷ ಒಂದು ಮೀಟರ್, ಮುಂದಿನ ವರ್ಷ ಅರ್ಧ ಮೀಟರ್ ಇಟ್ಟರೆ ಹೋಲಿಸುವ ಹಾಗಿಲ್ಲ.

ಚೌಕವೋ ಟೇಪೋ

ನಿಜವಾದ ಆಯ್ಕೆ ಇರುವುದು ಇಲ್ಲಿ.

ಚೌಕ, ಅಂದರೆ ಕ್ವಾಡ್ರಾಟ್. ದಿಬ್ಬದ ಸಣ್ಣ ಗಿಡಗಳಿಗೆ 1×1 ಮೀಟರ್ ಸಾಕು, ಹಿಂದಿನ ಪೊದೆಗಳಿಗೆ 5×5. ಪಿವಿಸಿ ಪೈಪಿನ ಚೌಕ ಮಾಡಿಸಿಕೊಳ್ಳುವವರು ನಾಲ್ಕೂ ಬದಿ ಮುಚ್ಚಿಬಿಡುತ್ತಾರೆ. ರಾವಣನ ಮೀಸೆಯ ಪೊದೆಯ ಮೇಲೆ ಅದು ಕೂರುವುದೇ ಇಲ್ಲ, ಮೇಲೆ ತೂಗುತ್ತಾ ನಿಲ್ಲುತ್ತದೆ. ಮೂರೇ ಬದಿ ಇಟ್ಟು ನಾಲ್ಕನೆಯದನ್ನು ತೆರೆದಿಡಿ, ಪೊದೆಯೊಳಗೆ ಪಕ್ಕದಿಂದ ತೂರಿಸಬಹುದು. ಇಲ್ಲವೇ ನಾಲ್ಕು ಮೊಳೆ, ನಾಲ್ಕು ಮೀಟರ್ ಹಗ್ಗ. ಹರವು ಅಂದಾಜು ಮಾಡಲು ನಿಮ್ಮ ಅಂಗೈಯೇ ಅಳತೆಗೋಲು. ಒಂದು ಚದರ ಮೀಟರಿನಲ್ಲಿ ಶೇ. 1 ಅಂದರೆ 10 ಸೆಂ.ಮೀ. ಉದ್ದಗಲದ ಜಾಗ. ದೊಡ್ಡವರ ಅಂಗೈ, ಬೆರಳು ಬಿಟ್ಟು, ಅದಕ್ಕಿಂತ ಸ್ವಲ್ಪ ಚಿಕ್ಕದು.

ಚೌಕದ ಬಲ ಏನೆಂದರೆ ಸಣ್ಣದು ತಪ್ಪಿಸಿಕೊಳ್ಳುವುದಿಲ್ಲ. ಮಂಡಿಯೂರಿ ಕೂತ ಮೇಲೆ ಬೆರಳುದ್ದದ ಹುಲ್ಲೂ ಕಣ್ಣಿಗೆ ಬೀಳುತ್ತದೆ. ದೌರ್ಬಲ್ಯ, ಒಬ್ಬೊಬ್ಬರ ಕಣ್ಣು ಒಂದೊಂದು ಥರ. ಒಬ್ಬರು ಶೇ. 30 ಅಂದದ್ದನ್ನು ಇನ್ನೊಬ್ಬರು 45 ಅನ್ನುತ್ತಾರೆ. ಅದಕ್ಕೇ ಬ್ರೌನ್-ಬ್ಲಾಂಕೆ ಮಾಪಕದ ಥರ ವರ್ಗಗಳನ್ನು ಬಳಸುವುದು: ಶೇ. 1ಕ್ಕಿಂತ ಕಡಿಮೆ, 1–5, 5–25, 25–50, 50–75, 75ರ ಮೇಲೆ. 30 ಮತ್ತು 45 ಒಂದೇ ವರ್ಗಕ್ಕೆ ಬಿದ್ದವು, ಜಗಳ ಮುಗಿಯಿತು. ಮೊದಲ ಕೆಲವು ಚೌಕಗಳನ್ನು ಎಲ್ಲರೂ ಬೇರೆ ಬೇರೆ ಬರೆದು ಆಮೇಲೆ ಹೋಲಿಸಿಕೊಂಡರೆ ಕಣ್ಣು ಒಂದು ದಾರಿಗೆ ಬರುತ್ತದೆ.

ಟೇಪಿನ ವಿಧಾನಕ್ಕೆ ಲೈನ್ ಇಂಟರ್‌ಸೆಪ್ಟ್ ಅನ್ನುತ್ತಾರೆ. 30 ಮೀಟರ್ ಟೇಪನ್ನು ಕಡಲಿಗೆ ಅಡ್ಡಲಾಗಿ ಎಳೆದು, ಯಾವ ಗಿಡ ಟೇಪಿನ ಎಲ್ಲಿಂದ ಎಲ್ಲಿಯವರೆಗೆ ಮುಚ್ಚಿದೆ ಅಂತ ಬರೆಯುವುದು. ಅಡಂಬು 3.20ರಿಂದ 4.85, ಅಂದರೆ 1.65 ಮೀಟರ್. ಒಂದು ಗಿಡಕ್ಕೆ ಸಿಕ್ಕ ಉದ್ದವನ್ನೆಲ್ಲ ಕೂಡಿಸಿ 30ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಅದರ ಹರವು. ಅಂದಾಜಿನ ಮಾತಿಲ್ಲ, ಓದಿದ್ದನ್ನು ಬರೆದರಾಯಿತು. ಬಳ್ಳಿ, ಪೊದೆಗಳಿಗೆ ಇದಕ್ಕಿಂತ ಬೇಗದ ದಾರಿ ಇಲ್ಲ. ಮುಂದಿನ ದಿಬ್ಬ ಎಲ್ಲಿ ಮುಗಿಯಿತು, ಹಿಂದಿನದು ಎಲ್ಲಿ ಶುರುವಾಯಿತು ಅನ್ನುವುದೂ ಟೇಪಿನ ಮೇಲೇ ಕಾಣುತ್ತದೆ.

ತೊಂದರೆ ಎರಡು. ಮಧ್ಯಾಹ್ನ ಕಡಲ ಗಾಳಿ ಎದ್ದ ಮೇಲೆ ಟೇಪು ಸುಮ್ನೆ ಇರುವುದಿಲ್ಲ, ಪಟಪಟ ಹೊಡೆದುಕೊಳ್ಳುತ್ತದೆ. ಬೆಳಿಗ್ಗೆಯೇ ಮುಗಿಸಬೇಕು. ಎರಡನೆಯದು ದೊಡ್ಡದು. ಟೇಪು ಒಂದು ಗೆರೆ ಮಾತ್ರ, ಅಪರೂಪದ ಗಿಡ ಆ ಗೆರೆಯ ಮೇಲೆ ಸಿಗುವ ಸಂಭವ ಕಡಿಮೆ. ಜಾತಿಗಳ ಪಟ್ಟಿ ಬೇಕಾದವರಿಗೆ ಇದು ಸಾಲದು.

ನನಗೆ ಇಷ್ಟವಾದದ್ದು ಎರಡನ್ನೂ ಸೇರಿಸಿದ ದಾರಿ. ಟೇಪು ಎಳೆದು, ಅದರ ಒಂದು ಪಕ್ಕದಲ್ಲಿ 1×1 ಮೀಟರಿನ ಚೌಕಗಳನ್ನು ಒಂದಕ್ಕೊಂದು ತಾಗಿಸಿ ಇಡುತ್ತಾ ಹೋಗುವುದು. ಬೆಲ್ಟ್ ಟ್ರಾನ್ಸೆಕ್ಟ್ ಅಂತ ಹೆಸರು. ಅಗಲವಾದ ದಿಬ್ಬಗಳಿರುವ ದೇಶಗಳಲ್ಲಿ ಇದಕ್ಕೆ ವಿಪರೀತ ಹೊತ್ತು ಬೇಕು, ಅಲ್ಲಿ ನಡುನಡುವೆ ಬಿಟ್ಟು ಇಡುತ್ತಾರೆ. ನಮ್ಮ ದಿಬ್ಬದ ಅಗಲ ಹೆಚ್ಚಿನ ಕಡೆ ಕೆಲವು ಹತ್ತು ಮೀಟರ್ ಅಷ್ಟೇ. ಬಿಡದೇ ಇಡಬಹುದು. ಅಗಲ ಕಡಿಮೆಯಾಗಿದ್ದಕ್ಕೆ ಸಿಕ್ಕ ಒಂದೇ ಲಾಭ ಇದು! ಜೊತೆಗೆ ಮೇಸ್ತ್ರಿಗಳು ಬಳಸುವ ನೀರಿನ ಲೆವೆಲ್ ಪೈಪ್ ಒಂದಿದ್ದರೆ ಪ್ರತಿ ಮೀಟರಿಗೂ ದಿಬ್ಬದ ಎತ್ತರ ಬರೆದುಕೊಳ್ಳಬಹುದು. ಗಿಡ ಮತ್ತು ಎತ್ತರ ಒಂದೇ ಹಾಳೆಯಲ್ಲಿ ಸಿಕ್ಕರೆ, ಮುಂದಿನ ವರ್ಷ ಕೊರೆತ ಎಲ್ಲಿ ತಿಂದಿತು ಅನ್ನುವುದಕ್ಕೂ ಸಾಕ್ಷಿ.

ಉಳಿದ ದಾರಿಗಳು

ಪಾಯಿಂಟ್ ವಿಧಾನದಲ್ಲಿ ಟೇಪಿನ ಉದ್ದಕ್ಕೂ ಪ್ರತಿ 25 ಸೆಂ.ಮೀ.ಗೆ ಒಂದು ತಂತಿ ಇಳಿಸಿ, ಅದಕ್ಕೆ ಏನು ತಾಗಿತು ಅಂತ ಬರೆಯುತ್ತಾರೆ. 100 ಸಲ ಇಳಿಸಿದಾಗ 40 ಸಲ ಅಡಂಬು ತಾಗಿದರೆ ಹರವು ಶೇ. 40. ಇಲ್ಲಿ ಕಣ್ಣಿನ ಅಂದಾಜಿಗೆ ಜಾಗವೇ ಇಲ್ಲ, ಹಾಗಾಗಿ ಪ್ರತಿ ವರ್ಷ ಬೇರೆ ಬೇರೆ ಹುಡುಗರು ಬಂದು ಅಳೆಯುವ ಕಡೆ ಇದೇ ಉತ್ತಮ. ಅಪರೂಪದ ಗಿಡಕ್ಕೆ ಟೇಪಿಗಿಂತಲೂ ಕುರುಡು.

ನಡೆದಾಡಿ ಪಟ್ಟಿ ಮಾಡುವುದನ್ನು ಕೀಳಾಗಿ ನೋಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗೊತ್ತು ಮಾಡಿಕೊಂಡಷ್ಟು ಹೊತ್ತು, ಉದಾಹರಣೆಗೆ ಒಂದು ಗಂಟೆ, ದಿಬ್ಬದ ಎಲ್ಲ ಮೂಲೆಗೂ ಅಡ್ಡಾಡಿ ಕಂಡ ಜಾತಿಯನ್ನೆಲ್ಲ ಬರೆಯುವುದು. ಅಪರೂಪದ ಗಿಡ ಸಿಗುವುದು ಹೀಗೆ ಮಾತ್ರ. ಹರವಿನ ಲೆಕ್ಕ ಸಿಗುವುದಿಲ್ಲ ಅನ್ನುವುದು ನಿಜ, ಆದರೆ ಚೌಕದಲ್ಲಿ ಬಾರದ ಗಿಡಗಳನ್ನು ಸೇರಿಸಲು ಈ ಪಟ್ಟಿ ಬೇಕೇ ಬೇಕು. ಎರಡು ಪಟ್ಟಿಗಳನ್ನು ಬೇರೆ ಬೇರೆ ಇಡಿ, ಕಲಸಬೇಡಿ. ಫೋಟೋ ತೆಗೆದು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಥವಾ ಐನ್ಯಾಚುರಲಿಸ್ಟ್‌ಗೆ ಹಾಕಿದರೆ ಹೆಸರು ಹೇಳುವವರು ಸಿಗುತ್ತಾರೆ. ಜೇಕು, ಹುಲ್ಲುಗಳಿಗೆ ಮಾತ್ರ ಫೋಟೋ ಸಾಲದು. ತೆನೆ ಸಮೇತ ಕಿತ್ತು, ಪೇಪರಿನ ನಡುವೆ ಒತ್ತಿ ಒಣಗಿಸಿ, ಗೊತ್ತಿರುವವರಿಗೆ ತೋರಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೆಸಿಬಿ ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹ) ಕರ್ನಾಟಕದ ಸಸ್ಯಗಳ ಮಾಹಿತಿಯನ್ನು ಆನ್‌ಲೈನಿನಲ್ಲಿ ಇಟ್ಟಿದೆ, ತಾಳೆ ನೋಡಲು ಅನುಕೂಲ.

ಡ್ರೋನ್ ಎಲ್ಲರಿಗೂ ಆಸೆ. ಮೇಲಿಂದ ಹಾರಿಸಿದರೆ ದಿಬ್ಬದ ಆಕಾರ, ಗಿಡ ಮುಚ್ಚಿದ ಜಾಗ, ಕಾಲುದಾರಿ, ಜೀಪಿನ ಗಾಲಿಯ ಗುರುತು ಎಲ್ಲ ಚೊಕ್ಕವಾಗಿ ಬರುತ್ತದೆ. ಅಡಂಬಿನ ಹಸಿರಿಗೂ ರಾವಣನ ಮೀಸೆಯ ಬೂದು ಬಣ್ಣಕ್ಕೂ ವ್ಯತ್ಯಾಸ ತಿಳಿಯುತ್ತದೆ. ಆದರೆ ಅಡಂಬಿನ ಸಂದಿಯಲ್ಲಿ ಕೂತ ಜೇಕು ಕಾಣುವುದಿಲ್ಲ. ಸರ್ವೆ ಮರದ ಕೆಳಗೆ ಏನಿದೆ ಅನ್ನುವುದಂತೂ ದೇವರೇ ಬಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು, ಹಳದಿ, ಕೆಂಪು ವಲಯಗಳಿವೆ. ವಿಮಾನ ನಿಲ್ದಾಣ, ಬಂದರು, ಕಾರವಾರದ ನೌಕಾನೆಲೆ ಇರುವ ಕರಾವಳಿ ನಮ್ಮದು, ಮ್ಯಾಪ್ ನೋಡಿ ಅನುಮತಿ ತಗೊಂಡೇ ಹಾರಿಸಿ. ಉಪಗ್ರಹ ಚಿತ್ರದ ವಿಷಯ ಇನ್ನೂ ಚುಟುಕು. ಉಚಿತವಾಗಿ ಸಿಗುವ ಸೆಂಟಿನೆಲ್-2 ಚಿತ್ರದಲ್ಲಿ ಒಂದು ಚುಕ್ಕೆ 10 ಮೀಟರ್, ಲ್ಯಾಂಡ್‌ಸ್ಯಾಟ್‌ನಲ್ಲಿ 30 ಮೀಟರ್. ನಮ್ಮ ಎಷ್ಟೋ ದಿಬ್ಬಗಳು ಅಂಥ ಎರಡು ಮೂರು ಚುಕ್ಕೆಯಲ್ಲಿ ಮುಗಿದುಹೋಗುತ್ತವೆ. ತೀರದ ಗೆರೆ ಹೇಗೆ ಸರಿದಿದೆ ಅಂತ ನೋಡಲು ಬಳಸಿ, ವೈವಿಧ್ಯಕ್ಕೆ ಬೇಡ.

ಯಾವ ಸೂಚ್ಯಂಕ?

ಈಗ ಆರಂಭದ ಮಾತಿಗೆ ಲೆಕ್ಕ ಕೊಡುತ್ತೇನೆ. ಕೆಳಗಿನ ಅಂಕಿಗಳು ಉದಾಹರಣೆಗೆ ಅಂತ ನಾನೇ ಹಾಕಿಕೊಂಡವು.

ಮೊದಲ ದಿಬ್ಬದಲ್ಲಿ ನಾಲ್ಕು ಜಾತಿ, ನಾಲ್ಕೂ ದಿಬ್ಬದ ಗಿಡಗಳೇ. ಗಿಡಗಳು ಮುಚ್ಚಿದ ಜಾಗದಲ್ಲಿ ಅವುಗಳ ಪಾಲು ಶೇ. 50, 30, 15, 5. ಎರಡನೇ ದಿಬ್ಬಕ್ಕೆ ಮಣ್ಣು ಬಿದ್ದಿದೆ. ಎಂಟು ಜಾತಿ, ಪಾಲು 25, 20, 15, 10, 10, 10, 5, 5. ಇದರಲ್ಲಿ ದಿಬ್ಬದ ಗಿಡಗಳು ಎರಡೇ, 15 ಮತ್ತು ಒಂದು 5. ಉಳಿದದ್ದೆಲ್ಲ ರಸ್ತೆ ಬದಿಯ ಕಳೆ.

ಜಾತಿಗಳ ಎಣಿಕೆ: 4 ಮತ್ತು 8. ಎರಡನೆಯದು ಗೆದ್ದಿತು.

ಶಾನನ್ ಸೂಚ್ಯಂಕ (ಜಾತಿಗಳ ಎಣಿಕೆ, ಪಾಲು ಎರಡನ್ನೂ ಸೇರಿಸಿ ವೈವಿಧ್ಯಕ್ಕೆ ಕೊಡುವ ಒಂದು ಅಂಕಿ): ಮೊದಲನೆಯದಕ್ಕೆ 1.14, ಎರಡನೆಯದಕ್ಕೆ 1.94. ಮತ್ತೆ ಎರಡನೆಯದೇ. ಗಣಿತಜ್ಞ ಕ್ಲಾಡ್ ಶಾನನ್ ಇದನ್ನು 1948ರಲ್ಲಿ ಕಟ್ಟಿದ್ದು ಟೆಲಿಫೋನ್, ತಂತಿಯಂಥ ಸಂದೇಶಗಳಿಗೆ. ಅದಕ್ಕೆ ಅಡಂಬೂ ಒಂದೇ, ಲಂಟಾನವೂ ಒಂದೇ.

ಸಿಂಪ್ಸನ್ ಸೂಚ್ಯಂಕ (ಎರಡು ಸಲ ಆರಿಸಿದರೆ ಬೇರೆ ಬೇರೆ ಜಾತಿ ಬರುವ ಸಂಭವ), 1949ರದ್ದು: 0.64 ಮತ್ತು 0.84. ಅದೇ ಕತೆ. ಸಿಂಪ್ಸನ್ ಸಾಮಾನ್ಯ ಗಿಡಗಳಿಗೆ ಹೆಚ್ಚು ತೂಕ ಕೊಡುತ್ತದೆ, ಎಲ್ಲೋ ಒಂದು ಮೂಲೆಯಲ್ಲಿ ಸಿಕ್ಕ ಗಿಡದಿಂದ ಅಷ್ಟಾಗಿ ಅಲುಗಾಡುವುದಿಲ್ಲ. ಚೌಕಗಳು ಕಡಿಮೆ ಇದ್ದಾಗ ಇದು ಶಾನನ್‌ಗಿಂತ ನಂಬಿಕಸ್ತ. ಆದರೆ ಗಿಡದ ಗುರುತು ಇದಕ್ಕೂ ಇಲ್ಲ.

ಈಗ ಕಳೆಯನ್ನು ಬದಿಗಿಟ್ಟು ದಿಬ್ಬದ ಗಿಡಗಳಿಗೆ ಮಾತ್ರ ಲೆಕ್ಕ ಹಾಕೋಣ. ‘ಇ’ ಎಂಬ ಸ್ಥಿರಾಂಕವನ್ನು (ಸುಮಾರು 2.718) ಶಾನನ್ ಅಂಕಿಯ ಘಾತಕ್ಕೆ ಏರಿಸಿದರೆ ‘ಸಮ ಪಾಲಿನ ಎಷ್ಟು ಜಾತಿ ಇದ್ದ ಹಾಗೆ’ ಅನ್ನುವ ಉತ್ತರ ಸಿಗುತ್ತದೆ. ಹಿಲ್ ಎಂಬ ಸಂಶೋಧಕರು 1973ರಲ್ಲಿ ಜೋಡಿಸಿಕೊಟ್ಟ ಅಂಕಿಗಳಲ್ಲಿ ಇದೊಂದು. ಎಲ್ಲ ಗಿಡ ಸೇರಿಸಿದರೆ ಮೊದಲ ದಿಬ್ಬಕ್ಕೆ 3.1, ಎರಡನೆಯದಕ್ಕೆ 7.0. ದಿಬ್ಬದ ಗಿಡ ಮಾತ್ರ ಅಂದರೆ ಮೊದಲನೆಯದು 3.1ರಲ್ಲೇ ನಿಲ್ಲುತ್ತದೆ, ಎರಡನೆಯದು 1.75ಕ್ಕೆ ಇಳಿಯುತ್ತದೆ. ಫಲಿತಾಂಶವೇ ತಿರುಗಿಬಿತ್ತು, ಅಲ್ವಾ? ಸೂತ್ರ ಬದಲಾಗಿಲ್ಲ. ಒಳಗೆ ಯಾರನ್ನು ಬಿಟ್ಟೆವು ಅನ್ನುವುದು ಬದಲಾಯಿತು.

ಹಾಗಾಗಿ ಸೂಚ್ಯಂಕಕ್ಕಿಂತ ಮುಂಚೆ ಪಟ್ಟಿಯನ್ನು ಎರಡು ಭಾಗ ಮಾಡಿಕೊಳ್ಳಿ, ದಿಬ್ಬದ ಸ್ವಂತ ಗಿಡಗಳು ಮತ್ತು ಹೊರಗಿನವು. ಗರಿಕೆ, ತುಂಬೆ, ಎಕ್ಕದ ಥರ ಎಲ್ಲ ಕಡೆ ಬೆಳೆಯುವ ಊರ ಗಿಡಗಳಿಗೆ ಮೂರನೇ ಗುಂಪು. ಇಲ್ಲಿ ಚರ್ಚೆ ಬರುತ್ತದೆ, ಬರಲಿ. ಯಾವುದನ್ನು ಎಲ್ಲಿ ಹಾಕಿದಿರಿ ಅಂತ ವರದಿಯಲ್ಲಿ ಬರೆದರೆ ಮುಂದಿನವರು ತಿದ್ದಿಕೊಳ್ಳಬಹುದು.

ಶಾನನ್ ಬಳಸುವವರಿಗೆ ಇನ್ನೊಂದು ಎಚ್ಚರಿಕೆ. ಲೆಕ್ಕಕ್ಕೆ ಬಳಸಿದ ಲಾಗರಿದಮ್ ಯಾವುದು ಅಂತ ಬರೆಯದ ವರದಿಗಳು ರಾಶಿ ಇವೆ. ಮೊದಲ ದಿಬ್ಬದ 1.14 ಸ್ವಾಭಾವಿಕ ಲಾಗ್‌ನದ್ದು. ಅದೇ ದಿಬ್ಬ ಆಧಾರ 2ರಲ್ಲಿ 1.65, ಆಧಾರ 10ರಲ್ಲಿ 0.50. ಬೇರೆ ಊರಿನ ವರದಿಯ ಅಂಕಿ ತಂದು ಪಕ್ಕದಲ್ಲಿಟ್ಟು ‘ನಮ್ಮದು ಜಾಸ್ತಿ’ ಅನ್ನುವ ಮುಂಚೆ ಇದನ್ನು ನೋಡಬೇಕು. ಹೀಗೆ ಘಾತಕ್ಕೆ ಏರಿಸಿ ಪಡೆದ ಹಿಲ್ ಅಂಕಿ ಕೊಟ್ಟರೆ ಈ ಗೊಂದಲ ಬಹುಪಾಲು ಹೋಗುತ್ತದೆ.

ಪಾಲಿನ ಲೆಕ್ಕದಲ್ಲಿ ಬರಿ ಮರಳು ಮಾಯವಾಗುತ್ತದೆ ಅನ್ನುವುದೂ ನೆನಪಿರಲಿ. ಶೇ. 70 ಹಸಿರಿರುವ ದಿಬ್ಬ, ಶೇ. 10 ಹಸಿರಿರುವ ದಿಬ್ಬ, ಎರಡಕ್ಕೂ ಒಂದೇ ಶಾನನ್ ಬರಬಹುದು. ಮಳೆಗಾಲದ ಅಲೆಗೆ ನಿಲ್ಲುವುದು ಯಾವುದು ಅಂತ ಹೇಳಬೇಕಿಲ್ಲ. ಒಟ್ಟು ಹರವು ಯಾವಾಗಲೂ ಪಕ್ಕದಲ್ಲೇ ಇರಬೇಕು.

ಸೊರೆನ್ಸನ್ ಹೋಲಿಕೆಯ ಅಂಕಿಯನ್ನು (ಎರಡು ಪಟ್ಟಿ ಎಷ್ಟು ಹೋಲುತ್ತವೆ ಅನ್ನುವುದು, 0ಯಿಂದ 1ರ ತನಕ) ನಾನು ಬಿಡುವುದೇ ಇಲ್ಲ. ದಿಬ್ಬದ ಮುಂಭಾಗದಲ್ಲಿ 5 ಜಾತಿ, ಹಿಂಭಾಗದಲ್ಲಿ 14, ಎರಡರಲ್ಲೂ ಇರುವುದು 2 ಅಂತಾದರೆ, ಆ 2ರ ಇಮ್ಮಡಿಯನ್ನು 5 ಮತ್ತು 14ರ ಮೊತ್ತ 19ರಿಂದ ಭಾಗಿಸಿ: 0.21. ಅಂದರೆ ಎರಡೂ ಭಾಗ ಸಾಕಷ್ಟು ಬೇರೆ, ಇರಬೇಕಾದದ್ದೇ ಹಾಗೆ. ವರ್ಷದಿಂದ ವರ್ಷಕ್ಕೆ ಇದು 0.4, 0.5 ಅಂತ ಏರಿದರೆ ಅದೇ ಕಳೆಗಳು ಎರಡೂ ಕಡೆ ಹಬ್ಬುತ್ತಿವೆಯೇ ಅಂತ ಪಟ್ಟಿ ತೆಗೆದು ನೋಡಬೇಕು. ಜಾತಿಗಳ ಎಣಿಕೆ ಹೇಳದ ಸುದ್ದಿಯನ್ನು ಇದು ಹೇಳುತ್ತದೆ.

ಎಷ್ಟು ಸಾಲು, ಯಾವ ತಿಂಗಳು

ಒಂದೇ ಸಾಲಿನಲ್ಲಿ 30 ಚೌಕ ಇಟ್ಟರೆ ಅದು 30 ಸ್ಯಾಂಪಲ್ ಅಲ್ಲ, ಒಂದು. ಪಕ್ಕಪಕ್ಕದ ಚೌಕಗಳು ಒಂದನ್ನೊಂದು ಹೋಲುತ್ತವೆ. ಸಾಲುಗಳನ್ನು ಹೆಚ್ಚಿಸಿ. ತೀರದ ಉದ್ದಕ್ಕೆ 50 ಅಥವಾ 100 ಮೀಟರಿಗೊಂದು ಸಾಲು, ಮೊದಲನೆಯದು ಎಲ್ಲಿ ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿ. ಚೆನ್ನಾಗಿ ಕಾಣುವ ಜಾಗದಲ್ಲಿ ಟೇಪು ಎಳೆಯುವ ಚಪಲ ಎಲ್ಲರಿಗೂ ಇರುತ್ತದೆ.

ಸಾಕಾಯಿತೇ ಅಂತ ತಿಳಿಯಲು ಚಾವೋ-2 (ಕಣ್ಣಿಗೆ ಬೀಳದೇ ಉಳಿದ ಜಾತಿಗಳ ಅಂದಾಜು) ಸುಲಭ. ಒಟ್ಟು 22 ಜಾತಿ ಸಿಕ್ಕಿದೆ, ಒಂದೇ ಚೌಕದಲ್ಲಿ ಸಿಕ್ಕವು 6, ಸರಿಯಾಗಿ ಎರಡರಲ್ಲಿ ಸಿಕ್ಕವು 4. ಆರರ ವರ್ಗ 36, ಅದನ್ನು ನಾಲ್ಕರ ಇಮ್ಮಡಿ 8ರಿಂದ ಭಾಗಿಸಿದರೆ 4.5. ಅಂದರೆ ಅಲ್ಲಿ ಕಡಿಮೆ ಅಂದರೂ 26–27 ಜಾತಿ ಇರಬಹುದು, ನಾಲ್ಕೈದು ಇನ್ನೂ ಸಿಕ್ಕಿಲ್ಲ.

ತಿಂಗಳ ವಿಷಯದಲ್ಲಿ ಹಟ ಇರಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಡಲು ದಿಬ್ಬದ ಮುಂಭಾಗವನ್ನು ಕಡಿಯುತ್ತದೆ, ಆಗ ಟೇಪು ಎಳೆಯುವ ಮಾತಿಲ್ಲ. ಅಕ್ಟೋಬರ್–ನವೆಂಬರ್‌ನಲ್ಲಿ ಮಳೆಗೆ ಹುಟ್ಟಿದ ಸಣ್ಣ ಗಿಡಗಳು ಇನ್ನೂ ಇರುತ್ತವೆ, ಪಟ್ಟಿ ಉದ್ದ ಬರುತ್ತದೆ. ಮಾರ್ಚ್‌ನಲ್ಲಿ ಹೋದರೆ ಗಟ್ಟಿ ಗಿಡಗಳಷ್ಟೇ. ಎರಡು ಸಲ ಹೋಗಲು ಆಗುವುದಾದರೆ ಹೋಗಿ, ಒಂದೇ ಸಲ ಅಂದರೆ ಅಕ್ಟೋಬರ್–ನವೆಂಬರ್. ಈ ವರ್ಷದ ನವೆಂಬರನ್ನು ಮುಂದಿನ ವರ್ಷದ ಮಾರ್ಚ್ ಜೊತೆ ಹೋಲಿಸಿ ‘ಜಾತಿಗಳು ನಾಶವಾಗಿವೆ’ ಅಂತ ಬರೆಯಬೇಡಿ. ಹೊನ್ನಾವರದ ಕಾಸರಕೋಡು, ಕಾರವಾರದ ದೇವಬಾಗ ಕಡೆ ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಆಗ ಹೋಗುವುದಾದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ, ಗೂಡುಗಳ ಜಾಗ ಕೇಳಿಕೊಂಡು ಹೋಗಿ.

ನಾನಾದರೆ

ಪಂಚಾಯಿತಿಯ ಸಮಿತಿಗೆ, 2002ರ ಜೀವವೈವಿಧ್ಯ ಕಾಯ್ದೆಯಡಿ ಜನತಾ ಜೀವವೈವಿಧ್ಯ ದಾಖಲಾತಿ ಬರೆಯುವುದಕ್ಕೆ: ನಡೆದಾಡಿ ಪಟ್ಟಿ, ಫೋಟೋ, ಜೊತೆಗೆ ಊರಿನ ಮೂರು ಜಾಗದಲ್ಲಿ ಆವರ್ತನದ ಚೌಕ. ಸೂಚ್ಯಂಕದ ಗೊಡವೆ ಬೇಡ. ಕೈರಂಪಣಿ ಬಲೆ ಎಳೆಯುವ ಹಿರಿಯರನ್ನು, ಮೀನು ಒಣಗಿಸುವ ಹೆಂಗಸರನ್ನು ಮಾತಾಡಿಸಿ. ಮುಂಚೆ ದಿಬ್ಬ ಎಲ್ಲಿಯವರೆಗೆ ಇತ್ತು, ಯಾವ ಬಳ್ಳಿ ಈಗ ಕಾಣುವುದಿಲ್ಲ ಅನ್ನುವುದು ಅವರಿಗೆ ಗೊತ್ತು.

ದಿಬ್ಬದ ಮೇಲೆ ಕಟ್ಟಡ ಬರುತ್ತಿದೆ, ತಕರಾರು ಕೊಡಬೇಕು ಅನ್ನುವವರಿಗೆ ಟೇಪೇ ಮುಖ್ಯ. 2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲೂ 2019ರದ್ದರಲ್ಲೂ ಮರಳು ದಿಬ್ಬಗಳು ಅತಿ ಸೂಕ್ಷ್ಮ ಜಾಗಗಳ ಪಟ್ಟಿಯಲ್ಲಿ, ಸಿಆರ್‌ಝಡ್-1ಎ ಅಡಿಯಲ್ಲಿವೆ. ಅಲ್ಲಿ ಬರುವ ಪ್ರಶ್ನೆ ವೈವಿಧ್ಯ ಎಷ್ಟು ಅಂತ ಅಲ್ಲ, ಇದು ದಿಬ್ಬ ಹೌದೋ ಅಲ್ಲವೋ, ಎಲ್ಲಿಗೆ ಮುಗಿಯುತ್ತದೆ ಅಂತ. ಎತ್ತರದ ಅಳತೆ ಮತ್ತು ಯಾವ ಮೀಟರಿನ ತನಕ ಅಡಂಬು, ರಾವಣನ ಮೀಸೆ ಇದೆ ಅನ್ನುವ ಟೇಪಿನ ಹಾಳೆ ಶಾನನ್‌ಗಿಂತ ಹೆಚ್ಚು ಮಾತಾಡುತ್ತದೆ. ಡ್ರೋನ್ ಚಿತ್ರ ಸಿಕ್ಕರೆ ಇಲ್ಲಿ ನಿಜಕ್ಕೂ ಉಪಯೋಗ.

ಕಾಲೇಜಿನವರು ಬೆಲ್ಟ್ ಟ್ರಾನ್ಸೆಕ್ಟ್ ಮಾಡಲಿ. ಹರವು ಬರೆದು, ಗುಂಪು ಮಾಡಿ, ಹಿಲ್ ಅಂಕಿ ಮತ್ತು ಸೊರೆನ್ಸನ್ ಕೊಟ್ಟರೆ ಒಳ್ಳೆಯ ಪ್ರಾಜೆಕ್ಟ್. ಗೈಡ್ ಐವಿಐ ಬೇಕೇ ಬೇಕು ಅಂದರೆ ಹಿಂಭಾಗದ ಮರಗಳಿಗೆ ಹಾಕಿ ತೋರಿಸಿ, ಅವರಿಗೂ ಸಮಾಧಾನ.

ದಿಬ್ಬಕ್ಕೆ ಗಿಡ ಹಚ್ಚುವ ಸಂಘದವರಿಗೆ ಪಾಯಿಂಟ್ ವಿಧಾನ, ಪ್ರತಿ ವರ್ಷ ಅದೇ ತಿಂಗಳು. ಹೋಲಿಸಬೇಕಾದದ್ದು ಹತ್ತಿರದಲ್ಲಿ ಉಳಿದಿರುವ ಒಳ್ಳೆಯ ದಿಬ್ಬದ ಜೊತೆ. ಸರ್ವೆ ನೆಡುವ ಯೋಚನೆ ಇದ್ದರೆ ಒಂದು ಮಾತು. 19ನೇ ಶತಮಾನದಲ್ಲೇ ಕಾರವಾರದ ಕಡೆ ಸರ್ವೆ ತೋಪು ಎಬ್ಬಿಸಿದ್ದಾರೆ, ಗಾಳಿ ತಡೆಯಲು ಸೌದೆಗೆ ಅದು ಸರಿ. ಆದರೆ ಅದರ ಕೆಳಗೆ ಉದುರಿದ ಕಡ್ಡಿ ಎಲೆಯ ದಪ್ಪ ಹಾಸು ಬೀಳುತ್ತದೆ, ಸಣ್ಣ ಗಿಡಗಳು ಮೇಲೇಳುವುದು ಕಷ್ಟ. ಹರವನ್ನು ಮರದ ಮಟ್ಟಕ್ಕೂ ನೆಲದ ಮಟ್ಟಕ್ಕೂ ಬೇರೆ ಬೇರೆ ಬರೆಯದಿದ್ದರೆ ಸರ್ವೆ ತೋಪು ಕಾಗದದ ಮೇಲೆ ಶೇ. 90 ಹಸಿರಾಗಿ ಕಾಣುತ್ತದೆ.

ಯಾರೇ ಆಗಲಿ, ಗುರುತಿನ ಗೂಟವನ್ನು ಕಡಲ ಕಡೆ ಹೊಡೆಯಬೇಡಿ. ಒಂದು ಮಳೆಗಾಲಕ್ಕೆ ಹೋಗುತ್ತದೆ. ಟೇಪಿನ ಸೊನ್ನೆ ಊರಿನ ಕಡೆ ಇರಲಿ: ಕಂಪೌಂಡಿನ ಮೂಲೆ, ಬಾವಿಕಟ್ಟೆ, ಕಿಲೋಮೀಟರ್ ಕಲ್ಲು, ಹೀಗೆ ಸರಿಯದ ವಸ್ತು. ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ಅದೊಂದನ್ನೇ ನಂಬಿದರೆ ಮುಂದಿನ ವರ್ಷ ಬೇರೆಯೇ ಸಾಲಿನಲ್ಲಿ ನಿಂತಿರುತ್ತೀರಿ. ಅಲ್ಲಿಂದ ಕಡಲ ಕಡೆಗೆ ದಿಕ್ಸೂಚಿಯ ಕೋನ ಬರೆದು, ಟೇಪು ಎಳೆದ ಮೇಲೆ ಸೊನ್ನೆಯಲ್ಲಿ ನಿಂತು ಒಂದು ಫೋಟೋ, ಕೊನೆಯಲ್ಲಿ ನಿಂತು ಊರಿನ ಕಡೆಗೆ ಒಂದು ಫೋಟೋ ತೆಗೆದಿಡಿ.